ಮುಳುಗಿದ ಊರಿನ ಗುರ್ತು, ನೀರು ಕೇಳೋ ನಮ್ಮ ಋಣ

ನಮ್ ಮನೇಲಿ ನೀರಿನ ಮಾತು ಬಂದ್ರೆ ಸಾಕು, ಮಲಗಿರೋರೂ ಎದ್ದು ಕೂತ್ಕೋತಾರೆ. ಶಿಡ್ಲಘಟ್ಟದ ಕಡೆ ಹಳ್ಳಿ ನಮ್ದು. ಒಂದೂವರೆ ಎಕರೆ ಹಿಪ್ಪುನೇರಳೆ ತೋಟ, ಎರಡು ಹಸ, ವರ್ಷಕ್ಕೆ ಐದಾರು ಬೆಳೆ ಹುಳ. ಮೊದಲ್ನೇ ಬೋರು 400 ಅಡಿಗೆ ನೀರು ಕೊಟ್ಟಿತ್ತು, ಎರಡನೇದು 900, ಮೂರನೇದು 1,350 ಅಡಿ ಇಳಿದ್ರೂ ಬರೀ ಧೂಳು. ಹುಳ ನಾಲ್ಕನೇ ಜ್ವರ ಎದ್ದು ಸೊಪ್ಪಿಗೆ ಬಾಯಿ ಬಿಡೋ ಹೊತ್ತಿಗೆ ತೋಟ ಬಾಡಿದ್ರೆ ಹೆಂಗಾಗುತ್ತೆ ಅಂತ ಹುಳ ಸಾಕಿದೋರಿಗೇ ಗೊತ್ತು. ಅದಕ್ಕೇ ನಮ್ ಕಡೆ ಯಾರಾದ್ರೂ ಅಣೆಕಟ್ಟು ಅಂದ್ರೆ ಕೈ ಮುಗೀತೀವಿ. ಅದರ ಇನ್ನೊಂದು ಮುಖ ನಾನು ನೋಡಿರ್ಲಿಲ್ಲ. ಹೋದ ಬೇಸಿಗೇಲಿ ನೋಡ್ದೆ. ಅದನ್ನ ಬರೀಬೇಕು ಅನ್ನಿಸ್ತು.

ದೊಡ್ಡ ಮಗಳನ್ನ ಹಾಸನಕ್ಕೆ ಕೊಟ್ಟಿದೀವಿ. ಏಪ್ರಿಲ್ಲಲ್ಲಿ ಮೊಮ್ಮಗಳ ಹುಟ್ಟಿದಹಬ್ಬಕ್ಕೆ ಅಂತ ನಾನೂ ನಮ್ಮೆಜಮಾನ್ರೂ ಹೋಗಿದ್ವಿ. ಭಾನುವಾರ ಅಳಿಯಂದ್ರು, "ಅತ್ತೆ, ಮುಳುಗೋ ಚರ್ಚ್ ಅಂತ ಒಂದೈತೆ, ಇಲ್ಲಿಂದ ಇಪ್ಪತ್ತು ಕಿಲೋಮೀಟ್ರು, ಹೋಗ್ಬರೋಣ್ವಾ" ಅಂದ್ರು. ನಾನು ಪುಳಿಯೋಗರೆ ಕಲ್ಸಿ ಡಬ್ಬಿಗೆ ಹಾಕ್ಕೊಂಡೆ. ಪಿಕ್ನಿಕ್ಕು ಅಂದ್ಕೊಂಡೇ ಹೊರಟಿದ್ದು.

ಹೇಮಾವತಿ ಹಿನ್ನೀರಿನ ದಂಡೇಲಿ ಶೆಟ್ಟಿಹಳ್ಳಿ. ಬೇಸಿಗೆ ಆದ್ದರಿಂದ ನೀರು ಹಿಂದೆ ಸರಿದು, ಒಣಗಿ ಬಿರುಕು ಬಿಟ್ಟ ಮಣ್ಣಿನ ಮೇಲೆ ಕಾಲ್ನಡಿಗೇಲೇ ಹೋಗೋ ಹಂಗಿತ್ತು. ದೂರಕ್ಕೆ ಒಂದು ದೊಡ್ಡ ಪ್ರಾಣಿಯ ಅಸ್ಥಿಪಂಜರ ನಿಂತಿದ್ದಂಗೆ ಕಾಣಿಸ್ತು. ಹತ್ರ ಹೋದ್ರೆ ಎತ್ತರದ ಕಮಾನು, ಅದರ ಪಕ್ಕ ಇನ್ನೊಂದು ಕಮಾನು, ಮೇಲೆ ಚಾವಣಿ ಇಲ್ಲ, ಬರೀ ಆಕಾಶ. ಗೋಡೆ ಅರ್ಧಕ್ಕೆ ನೀರಿನ ಗೆರೆ ಕೂತೈತೆ, ನಮ್ ಹಂಡೆ ಒಳಗಡೆ ಉಪ್ಪಿನ ಗೆರೆ ಕೂರುತ್ತಲ್ಲ ಹಂಗೆ. ಹಕ್ಕಿ ಗೂಡು ಕಟ್ಟಿದಾವೆ. ಕೆಳಗೆ ಇಟ್ಟಿಗೆ ರಾಶಿ.

ಇದು ಜಪಮಾಲೆ ಮಾತೆಯ ಚರ್ಚು. 1860ರ ದಶಕದಲ್ಲಿ ಫ್ರಾನ್ಸಿನಿಂದ ಬಂದ ಪಾದ್ರಿಗಳು ಕಟ್ಟಿಸಿದ್ದು. ಅಬ್ಬೆ ದುಬಾಯ್ ಕಟ್ಟಿಸಿದ್ರು ಅಂತಾನೂ ಕೆಲವರು ಹೇಳ್ತಾರೆ. ಆದ್ರೆ ಅವರು 1823ರಲ್ಲೇ ಫ್ರಾನ್ಸಿಗೆ ವಾಪಸ್ಸಾಗಿದ್ರು, ಕಟ್ಟಡ ಅದಾದ್ಮೇಲಿನದು. ಇಟ್ಟಿಗೆ, ಸುಣ್ಣದ ಗಾರೆ. ಗಾರೆಗೆ ಬೆಲ್ಲ, ಮೊಟ್ಟೆ ಸೇರಿಸಿ ಅರೆದಿದ್ರು ಅಂತ ಅಲ್ಲಿನ ಜನ ಹೇಳ್ತಾರೆ. ಸುಮಾರು ನೂರು ವರ್ಷ ಅದು ಎಲ್ಲಾ ಊರಿನ ದೇವಸ್ಥಾನದಂಗೇ ಇತ್ತು: ಗಂಟೆ, ಮದ್ವೆ, ನಾಮಕರಣ, ಸಾವಿನ ಪೂಜೆ. ಆಮೇಲೆ ಗೊರೂರಿನ ಹತ್ರ ಹೇಮಾವತಿಗೆ ಅಣೆಕಟ್ಟು ಬಂತು. 1979ರಲ್ಲಿ ಕಟ್ಟಿ ಮುಗೀತು. 37 ಟಿ.ಎಂ.ಸಿ. ನೀರು ಹಿಡಿಯೋ ಜಲಾಶಯ. ಹಾಸನ, ಮಂಡ್ಯ, ತುಮಕೂರು ಕಡೆಯ ಹೊಲಗಳಿಗೆ ನೀರಾಯ್ತು. ಹಿನ್ನೀರು ಏರಿದ ಕಡೆ ಊರುಗಳು ಎದ್ದು ಹೋದವು. ಶೆಟ್ಟಿಹಳ್ಳಿಯ ಜನಾನೂ ಹೋದ್ರು. ಚರ್ಚು ಎದ್ದು ಹೋಗೋಕಾಗ್ಲಿಲ್ಲ, ಅಲ್ಲೇ ನಿಂತ್ಕೊಂತು.

ಮಳೆಗಾಲದಲ್ಲಿ ಕಮಾನಿನ ತನಕ ನೀರು, ಬೇಸಿಗೇಲಿ ಒಣ ನೆಲ. ಹಿಂಗೆ ನಲವತ್ತೈದು ವರ್ಷದ ಮೇಲಾಯ್ತು. ಈಚಿನ ವರ್ಷಗಳ ಮಳೇಲಿ ಗೋಡೆಯ ಒಂದೊಂದೇ ಭಾಗ ಕುಸೀತಾ ಐತೆ. ಹಳೇ ಫೋಟೋ ಇಟ್ಕೊಂಡು ಈಗಿನದಕ್ಕೆ ಹೋಲಿಸಿ ನೋಡಿದ್ರೆ ಯಾರಿಗಾದ್ರೂ ಗೊತ್ತಾಗುತ್ತೆ, ಇದು ಇನ್ನು ಬಹಳ ಮಳೆಗಾಲ ತಡ್ಕೊಳಲ್ಲ ಅಂತ.

ನಾವು ಹೋದ ದಿನ ಅಲ್ಲಿ ಒಂದು ಜೋಡಿ ಮದ್ವೆಗೆ ಮುಂಚಿನ ಫೋಟೋ ತೆಗೆಸ್ಕೋತಾ ಇದ್ರು. ಹುಡುಗೀದು ನೆಲ ಗುಡಿಸೋ ಉದ್ದದ ಗೌನು. ಇನ್ನೊಂದು ಗುಂಪಿನ ಹುಡುಗ ಒಬ್ಬ ಮುರಿದ ಗೋಡೆ ಹತ್ತಿ ಕೈ ಚಾಚಿ ನಿಂತಿದ್ದ. ಅವನ ಕಾಲಡಿ ಇಟ್ಟಿಗೆ ಒಂದು ಸಡಿಲಾಗಿ ಕೆಳಗೆ ಬಿತ್ತು. ನನ್ನ ಮೊಮ್ಮಗಳು ನಿಂತಿದ್ದ ಜಾಗಕ್ಕೂ ಅದು ಬಿದ್ದ ಜಾಗಕ್ಕೂ ನಾಲ್ಕು ಮಾರು ದೂರ ಅಷ್ಟೇ. ನನ್ ಎದೆ ಧಸಕ್ ಅಂತು. ಮಗೂನ ಎತ್ಕೊಂಡು ಹೊರಗೆ ಬಂದ್ಬಿಟ್ಟೆ.

ಹೊರಗೆ ಒಬ್ಬ ಅಜ್ಜಿ ನಾಲ್ಕು ಮೇಕೆ ಮೇಯಿಸ್ತಾ ಕೂತಿದ್ರು. ಕತ್ತಲ್ಲಿ ಸಣ್ಣ ಶಿಲುಬೆ. ಪುಳಿಯೋಗರೆ ಕೊಟ್ಟೆ, ತಿಂದ್ರು. "ನೋಡೋಕ್ ಬಂದ್ರಾ" ಅಂದ್ರು. ಹೂಂ ಅಜ್ಜಿ, ಚೆನ್ನಾಗೈತೆ ಅಂದೆ. ಅವರು ಸ್ವಲ್ಪ ಹೊತ್ತು ಸುಮ್ನಿದ್ದು, "ಎಲ್ರಿಗೂ ಚೆನ್ನಾಗಿ ಕಾಣ್ಸುತ್ತೆ ಕಣಮ್ಮ. ನಮ್ಮಪ್ಪ ನಮ್ಮವ್ವ ತಾಳಿ ಕಟ್ಟುಸ್ಕೊಂಡಿದ್ದು ಅದುರೊಳಗೇಯ. ನಂಗೆ ತಲೆ ಮೇಲೆ ನೀರು ಉಯ್ದಿದ್ದೂ ಅಲ್ಲೇಯ. ಅಕ್ಟೋಬರ್ ನಮ್ ಮಾತೆ ತಿಂಗ್ಳು. ಆವಾಗ ನೋಡು, ಹೊಳೆ ಬಂದು ಬಾಕ್ಲಲ್ಲಿ ಕೂತಿರ್ತದೆ. ಹಬ್ಬಕ್ಕೆ ಒಂದು ಮೇಣದ ಬತ್ತಿ ಅಚ್ಚಾಕೂ ಆಗಲ್ಲ" ಅಂದ್ರು.

ಆ ಮಾತು ನಂಗೆ ಊರಿಗೆ ಬಂದ್ಮೇಲೂ ಬಿಡ್ಲಿಲ್ಲ. ಅಕ್ಟೋಬರ್ ಜಪಮಾಲೆಯ ತಿಂಗಳು, ಏಳನೇ ತಾರೀಖು ಹಬ್ಬ. ಜಲಾಶಯ ತುಂಬಿ ನಿಂತಿರೋದೂ ಅದೇ ಸಮಯ. ರೈತರು ಸಂತೋಷ ಪಡೋ ತಿಂಗಳಲ್ಲೇ ಆ ಮಾತೆ ಗುಡಿ ನೀರೊಳಗೆ.

ಈಗ ನನ್ನ ಮಾತು ಹೇಳ್ತೀನಿ. ಶೆಟ್ಟಿಹಳ್ಳಿ ಚರ್ಚನ್ನ ಮತ್ತೆ ಹೊಸದಾಗಿ ಕಟ್ಟಿ ಅಂತ ನಾನು ಕೇಳ್ತಿಲ್ಲ. ನಿಂತಿರೋ ಗೋಡೆ ಬೀಳದಂಗೆ ಹಿಡೀರಿ ಅಂತೀನಿ. ಅದನ್ನ ಮೊದಲು ಕೇಳ್ಬೇಕಾದೋರು ಹಾಸನದೋರಲ್ಲ, ಕ್ರೈಸ್ತರೂ ಅಲ್ಲ. ನೀರು ಬೇಕು ಅಂತ ಕೂಗೋ ನಮ್ಮಂಥೋರು.

ಯಾಕೆ ಅಂತೀರಾ? ನಮ್ ಕಥೆ ನೋಡಿ. ನಂದಿಬೆಟ್ಟದ ಸುತ್ತಮುತ್ತ ಪಿನಾಕಿನಿ, ಅರ್ಕಾವತಿ, ಚಿತ್ರಾವತಿ ಎಲ್ಲಾ ಹುಟ್ಟುತ್ತೆ ಅಂತ ಸ್ಕೂಲಲ್ಲಿ ಓದಿದ್ವಿ. ಹುಟ್ಟೋದೇನೋ ಹುಟ್ಟುತ್ತೆ, ಹರಿಯೋದು ಮಳೆ ಬಂದ್ರೆ ಮಾತ್ರ. ಚಿಂತಾಮಣಿ, ಗೌರಿಬಿದನೂರು ಕಡೆ ಬೋರಿನ ನೀರಲ್ಲಿ ಫ್ಲೋರೈಡು ಜಾಸ್ತಿಯಾಗಿ ಹಲ್ಲು ಹಳದಿ ತಿರುಗಿರೋ ಮಕ್ಕಳನ್ನ ಎಲ್ರೂ ನೋಡಿದೀವಿ. 2016ರಲ್ಲಿ ಶಾಶ್ವತ ನೀರಾವರಿ ಬೇಕು ಅಂತ ಚಿಕ್ಕಬಳ್ಳಾಪುರದಿಂದ ಟ್ರ್ಯಾಕ್ಟರ್ ಹೊಡ್ಕೊಂಡು ಜನ ಬೆಂಗಳೂರಿಗೆ ಹೋದ್ರು. ನಮ್ಮೆಜಮಾನ್ರೂ ಹೋಗಿದ್ರು, ನಾನು ರೊಟ್ಟಿ ಕಟ್ಟಿ ಕೊಟ್ಟಿದ್ದೆ. ಬೆಂಗಳೂರಿನ ಕೊಳಚೆ ನೀರು ಶುದ್ಧ ಮಾಡಿ ಹೆಬ್ಬಾಳ–ನಾಗವಾರ ಕಣಿವೆಯಿಂದ ನಮ್ ಕೆರೆಗಳಿಗೆ ಬಿಟ್ರು, ಅದಕ್ಕೂ ಸರಿ ಅಂದ್ವಿ. ಎತ್ತಿನಹೊಳೆ ಬರುತ್ತೆ ಅಂದ್ರು, ಅದಕ್ಕೂ ಕಾಯ್ತಾ ಇದೀವಿ.

ಎತ್ತಿನಹೊಳೆ ಎಲ್ಲಿಂದ ಬರ್ಬೇಕು? ಸಕಲೇಶಪುರದಿಂದ. ಅದೇ ಹಾಸನ ಜಿಲ್ಲೆ. ನನ್ ಮಗಳ ಮನೆ ಕಡೆಯಿಂದ ನನ್ ಮನೆ ಕಡೆಗೆ ಬರೋ ನೀರು. 2024ರ ಸೆಪ್ಟೆಂಬರಲ್ಲಿ ಅಲ್ಲಿ ಮೊದಲ ಹಂತಕ್ಕೆ ಪೂಜೆ ಮಾಡಿ ಪಂಪು ಚಾಲೂ ಮಾಡಿದ್ರು. ಆ ನೀರು ಕೂಡಿಡೋಕೆ ಜಲಾಶಯ ಬೇಕು. ಕೊರಟಗೆರೆ, ದೊಡ್ಡಬಳ್ಳಾಪುರದ ಕಡೆ ಜಾಗ ಗುರ್ತು ಹಾಕ್ದಾಗ ಅಲ್ಲಿನ ಹಳ್ಳಿಯೋರು ನಮ್ ಜಮೀನು, ನಮ್ ಮನೆ, ಪರಿಹಾರ ಅಂತ ವರ್ಷಗಟ್ಟಲೆ ಹೋರಾಡಿದ್ರು. ನಾನು ಆವಾಗ ಪೇಪರಲ್ಲಿ ಓದಿ, "ಇವರಿಂದ ನಮ್ ನೀರು ತಡ ಆಗುತ್ತಲ್ಲ" ಅಂತ ಬೇಜಾರು ಮಾಡ್ಕೊಂಡಿದ್ದೆ. ನಿಜ ಹೇಳ್ತಿದೀನಿ. ಶೆಟ್ಟಿಹಳ್ಳಿಯ ಅಜ್ಜಿ ಪಕ್ಕ ಕೂತ್ಮೇಲೆ ನಂಗೆ ನನ್ ಮಾತಿಗೇ ನಾಚಿಕೆ ಆಯ್ತು. ಅವರ ಹಳ್ಳೀಲೂ ಒಂದು ಮುನೇಶ್ವರನ ಕಟ್ಟೆ ಇರುತ್ತೆ, ಅಜ್ಜನ ಸಮಾಧಿ ಇರುತ್ತೆ, ಮಕ್ಕಳು ಓದಿದ ಸ್ಕೂಲಿರುತ್ತೆ.

ನೀರು ಬೇಡ ಅಂತ ಹೇಳೋಕೆ ನನ್ನಿಂದಾಗಲ್ಲ. ಹುಳ ಸಾಕೋಳು ನಾನು. ಆದ್ರೆ ನೀರು ಕುಡಿಯೋರಿಗೆ ಮುಳುಗಿದೋರ ಋಣ ಐತೆ ಅಂತ ಒಪ್ಕೊಳೋಕೆ ಏನು ಕಷ್ಟ? ಜಮೀನಿನ ಲೆಕ್ಕ, ಪರಿಹಾರದ ಲೆಕ್ಕ ಸರ್ಕಾರದ ಫೈಲಲ್ಲಿರುತ್ತೆ. ಊರಿನ ಗುರ್ತಿನ ಲೆಕ್ಕ ಯಾವ ಫೈಲಲ್ಲೂ ಇರಲ್ಲ. ಬಹಳಷ್ಟು ಊರುಗಳು ಪೂರಾ ಮುಳುಗಿ, ಹೆಸರು ಕೂಡ ಉಳೀಲಿಲ್ಲ. ಶೆಟ್ಟಿಹಳ್ಳೀಲಿ ಅದೊಂದು ಕಟ್ಟಡ ವರ್ಷಕ್ಕೊಂದ್ಸಲ ನೀರಿಂದ ಎದ್ದು, "ಇಲ್ಲೊಂದು ಊರಿತ್ತು" ಅಂತ ತೋರಿಸ್ತಾ ಐತೆ. ಅದೂ ಬಿದ್ದೋದ್ರೆ ನೀರಿನ ಕೆಳಗೆ ಜನ ಇದ್ರು ಅನ್ನೋದೇ ಮರ್ತೋಗ್ತೀವಿ.

ಅದು ಯಾಕೆ ಬೀಳ್ತಾ ಐತೆ ಅನ್ನೋದು ನಂಗೆ ಸ್ವಲ್ಪ ಗೊತ್ತು. ನಮ್ಮಪ್ಪ ಗಾರೆ ಮೇಸ್ತ್ರಿ. ಸುಣ್ಣದ ಗಾರೆ ನೀರಲ್ಲಿ ನೆಂದು, ಬಿಸಿಲಿಗೆ ಒಣಗಿ, ಮತ್ತೆ ನೆಂದು ಒಣಗ್ತಾ ಇದ್ರೆ ಇಟ್ಟಿಗೆ ಸಂದೀಲಿರೋ ಸುಣ್ಣ ಸವೆದೋಗುತ್ತೆ. ಸಂದಿ ಖಾಲಿಯಾದ್ರೆ ಇಟ್ಟಿಗೆ ಒಂದರ ಮೇಲೊಂದು ಸುಮ್ನೆ ಕೂತಿರುತ್ತೆ ಅಷ್ಟೇ. ಚಾವಣಿ ಇದ್ದಾಗ ಅದು ಎರಡೂ ಕಡೆ ಗೋಡೇನ ಕಟ್ಟಿ ಹಿಡಿದಿರುತ್ತೆ. ಚಾವಣಿ ಹೋದ್ರೆ ಗೋಡೆಗೆ ಜೊತೆಯಿಲ್ಲ. ಕಮಾನಂತೂ ಒಂದಕ್ಕೊಂದು ಒರಗಿಕೊಂಡು ನಿಂತಿರೋದು. ಪಕ್ಕದ ಗೋಡೆ ಒತ್ತಿ ಹಿಡಿದಿರೋ ತನಕ ನಿಲ್ಲುತ್ತೆ. ಪಕ್ಕದ್ದು ಬಿದ್ರೆ ಅದೂ ಬೀಳುತ್ತೆ. ಸಂದೀಲಿ ಅರಳಿ ಗಿಡ, ಆಲದ ಗಿಡ ಬೇರು ಬಿಟ್ರೆ ಮುಗೀತು. ಹೊಳೆ ಅಲೆ ಬುಡಕ್ಕೆ ಬಡಿಯೋದು ಬೇರೆ.

ನನ್ ತವರು ಮನೆ ಹಳೇದೂ ಹಂಗೇ ಬಿತ್ತು. ಮಣ್ಣು ಗೋಡೆ, ಮದ್ರಾಸು ತಾರಸಿ. ಅಪ್ಪ ಇರೋ ತನಕ ವರ್ಷಕ್ಕೊಂದ್ಸಲ ಯುಗಾದಿಗೆ ಸುಣ್ಣ ಬಳೀತಿದ್ರು, ತಾರಸಿ ಮೇಲೆ ಹತ್ತಿ ಗಿಡ ಕೀಳ್ತಿದ್ರು, ಮಳೆಗೆ ಮುಂಚೆ ದೋಣಿ ಕ್ಲೀನ್ ಮಾಡ್ತಿದ್ರು. ಅಪ್ಪ ಹೋದ್ಮೇಲೆ ತಮ್ಮಂದ್ರು ಬೆಂಗಳೂರು ಸೇರಿದ್ರು, ಮನೆಗೆ ಬೀಗ. ನೂರು ವರ್ಷ ನಿಂತಿದ್ದ ಮನೆ ಬೀಗ ಹಾಕಿದ ಆರನೇ ಮಳೆಗಾಲಕ್ಕೆ ಕೂತ್ಕೊಂತು. ದಿನಾ ಕಸ ಗುಡಿಸೋರು ಇದ್ದಿದ್ರೆ ಬೀಳ್ತಿರ್ಲಿಲ್ಲ.

ಶೆಟ್ಟಿಹಳ್ಳಿ ಚರ್ಚಿಗೂ ಅಷ್ಟೇ. ಗುಡಿಸೋರನ್ನ ಅಲ್ಲಿಂದ ಎಬ್ಬಿಸಿ ಕಳಿಸಿದ್ದು ನಾವು, ಅಂದ್ರೆ ನಮ್ ಸರ್ಕಾರ, ನಮ್ ನೀರಿನಾಸೆ. ಹಂಗಾದ್ರೆ ಪೊರಕೆ ಹಿಡಿಯೋ ಕೆಲಸ ಯಾರಿಗೆ ಬಂತು?

ಇದಕ್ಕೆ ಜನ ಮೂರು ಮಾತು ಹೇಳ್ತಾರೆ. ನಮ್ ಮನೇಲೇ ಹೇಳಿದ್ರು.

ಒಂದು, "ಬೀಳೋದನ್ನ ಬೀಳೋಕೆ ಬಿಡು, ಅದರ ಚೆಂದಾನೇ ಮುಳುಗೋದ್ರಲ್ಲಿ ಐತೆ" ಅಂತ. ಇದು ಅಳಿಯಂದ್ರ ಮಾತು. ಅವರು ಫೋಟೋ ಹುಚ್ಚಿನವರು. ಸರಿ, ಮುಳುಗ್ಲಿ, ಏಳ್ಲಿ, ಬೇಡ ಅನ್ನಲ್ಲ. ಆದ್ರೆ ಏಳೋಕೆ ಕಟ್ಟಡ ಇರ್ಬೇಕಲ್ಲ? ಮೂರು ಕಮಾನು ಬಿದ್ಮೇಲೆ ಬೇಸಿಗೇಲಿ ನೀರಿಂದ ಮೇಲೆ ಬರೋದು ಇಟ್ಟಿಗೆ ರಾಶಿ. ಅದನ್ನ ನೋಡೋಕೆ ಯಾರೂ ಗೌನು ಹಾಕ್ಕೊಂಡು ಬರಲ್ಲ. ಜೊತೆಗೆ, ಬೀಳೋ ಗೋಡೆ ಹೇಳಿ ಕೇಳಿ ಬೀಳಲ್ಲ. ಜನ ಓಡಾಡೋ ಭಾನುವಾರಾನೇ ಬೀಳ್ಬೋದು.

ಎರಡು, "ಮುಳುಗಡೆ ಆದ ಎಷ್ಟೋ ಜನಕ್ಕೆ ಸರಿಯಾಗಿ ಜಮೀನು ಸಿಕ್ಕಿಲ್ಲ, ಪಾಳು ಗೋಡೆಗೆ ದುಡ್ಡು ಯಾಕೆ" ಅಂತ. ಇದು ನಮ್ಮೆಜಮಾನ್ರ ಮಾತು. ಇದನ್ನ ನಾನು ತಳ್ಳಿಹಾಕಲ್ಲ, ನ್ಯಾಯವಾದ ಮಾತು. ಜಮೀನಿನ ಬಾಕಿ ಮೊದಲು ತೀರ್ಸ್ಲಿ. ಆದ್ರೆ ಗೋಡೆ ದುಡ್ಡು ಉಳಿಸಿ ಜಮೀನು ಕೊಟ್ಟಿದ್ದು ನಾನೆಲ್ಲೂ ನೋಡಿಲ್ಲ. ಎರಡೂ ಕೊಡದೇ ಇರೋದನ್ನೇ ನೋಡಿರೋದು. ಆ ಗೋಡೆ ನಿಂತಿದ್ರೇನೇ ಆ ಜನರ ಮಾತು ಯಾರಾದ್ರೂ ಕೇಳ್ತಾರೆ. ನಾನು ಅಜ್ಜಿ ಮಾತು ಕೇಳಿದ್ದು ಹೆಂಗೆ? ಚರ್ಚು ನೋಡೋಕೆ ಹೋಗಿದ್ದಕ್ಕೆ.

ಮೂರನೇದು, "ಅದು ಕ್ರಿಶ್ಚನ್ನರ ಚರ್ಚು, ಅವರು ನೋಡ್ಕೋತಾರೆ ಬಿಡು" ಅಂತ. ಇದು ನಮ್ ಬೀದೀಲಿ ಒಬ್ರು ಅಂದಿದ್ದು. ನಮ್ ಜಿಲ್ಲೇಲಿ ಕೂತು ಈ ಮಾತು ಆಡೋಕಾಗುತ್ತಾ? ಚಿಂತಾಮಣಿ ತಾಲ್ಲೂಕಿನ ಮುರುಗಮಲ್ಲ ದರ್ಗಾಕ್ಕೆ ಹರಕೆ ಕಟ್ಕೊಂಡು ಹೋಗೋರಲ್ಲಿ ಅರ್ಧ ಜನ ನಮ್ಮೋರೇ. ಚಿಕ್ಕಬಳ್ಳಾಪುರದ ಸಿ.ಎಸ್.ಐ. ಆಸ್ಪತ್ರೆ ಮಿಷನ್ನಿನೋರು ಶುರು ಮಾಡಿದ್ದು, ನಮ್ ಅತ್ತೆ ಕಾಲದಿಂದ ನಮ್ ಕಡೆ ಎಷ್ಟು ಹೆರಿಗೆ ಅಲ್ಲಿ ಆಗಿದಾವೋ. ಹೆರಿಗೆಗೆ ಬೇಕಾದೋರು ಗೋಡೆಗೆ ಬೇಡ್ವಾ? ಅದೂ ಅಲ್ದೆ, ಗುಡಿ ಯಾವ ದೇವರದಾದ್ರೂ ಊರಿಗೆ ಗುರ್ತು ಒಂದೇ. "ಎಲ್ಲಿ ಇಳೀಬೇಕಮ್ಮ" ಅಂದ್ರೆ "ಚರ್ಚ್ ಹತ್ರ" ಅಂತ ಎಲ್ಲಾ ಜಾತಿಯೋರೂ ಅಂದಿರ್ತಾರೆ.

ಹಂಗಾದ್ರೆ ಮಾಡೋಕಾಗುತ್ತಾ? ಆಗುತ್ತೆ. ನಮ್ ಪಕ್ಕದ ಮುದ್ದೇನಹಳ್ಳಿಯಲ್ಲಿ ಹುಟ್ಟಿದ ವಿಶ್ವೇಶ್ವರಯ್ಯನೋರು ಕಾವೇರಿಗೆ ಕನ್ನಂಬಾಡಿ ಕಟ್ಟೆ ಕಟ್ಟಿಸಿದ್ದು ಎಲ್ರಿಗೂ ಗೊತ್ತು. ಆ ಕಟ್ಟೆ ನೀರಲ್ಲಿ ಕನ್ನಂಬಾಡಿ ಊರೂ ಹೋಯ್ತು, ಹೊಯ್ಸಳರ ಕಾಲದ ವೇಣುಗೋಪಾಲಸ್ವಾಮಿ ಗುಡೀನೂ ಮುಳುಗ್ತು. ಬರ ಬಂದಾಗೆಲ್ಲ ಗೋಪುರ ಕಾಣಿಸ್ತಿತ್ತಂತೆ. ಈ ಶತಮಾನ ಶುರುವಾದ್ಮೇಲೆ ಖೋಡೆ ಪ್ರತಿಷ್ಠಾನದೋರು ಮುಂದೆ ಬಂದು, ಒಂದೊಂದು ಕಲ್ಲಿಗೂ ಗುರ್ತು ಹಾಕಿ ಬಿಚ್ಚಿ, ಹಿನ್ನೀರಿನ ದಂಡೇಲಿ ಹೊಸ ಕನ್ನಂಬಾಡೀಲಿ ಮತ್ತೆ ಕಟ್ಟಿಸಿದ್ರು. ಈಗ ಅಲ್ಲಿಗೆ ಬಸ್ಸು ಬಸ್ಸಾಗಿ ಜನ ಹೋಗ್ತಾರೆ. ಈಜಿಪ್ಟಿನಲ್ಲಿ ಅಸ್ವಾನ್ ಅಣೆಕಟ್ಟಿನ ನೀರಿಂದ ಅಬು ಸಿಂಬೆಲ್ ಗುಡಿಗಳನ್ನ 1964ರಿಂದ 1968ರ ತನಕ ಕತ್ತರಿಸಿ ಎತ್ತಿ ಮೇಲಿಟ್ರು, ಅದಕ್ಕೆ ಯುನೆಸ್ಕೋ ಮೂಲಕ ಎಷ್ಟೋ ದೇಶಗಳು ಕೈ ಜೋಡಿಸಿದ್ವು.

ಕಲ್ಲಿನ ಗುಡಿ ಬಿಚ್ಚಿ ಕಟ್ಬೋದು, ಇಟ್ಟಿಗೆ ಗಾರೆ ಚರ್ಚು ಹಂಗೆ ಬಿಚ್ಚೋಕೆ ಬರಲ್ಲ, ಒಪ್ತೀನಿ. ಅದಕ್ಕೂ ಉದಾಹರಣೆ ಐತೆ. ಇಟಲಿಯ ಉತ್ತರದ ಗಡೀಲಿ ರೇಸಿಯಾ ಅಂತ ಸರೋವರ. ಕರೆಂಟಿಗೆ ಅಂತ ಅಣೆಕಟ್ಟು ಕಟ್ಟಿ 1950ರಲ್ಲಿ ಕುರೋನ್ ಅನ್ನೋ ಊರು ಮುಳುಗಿಸಿದ್ರು. ಉಳಿದಿದ್ದು ನೀರ ಮಧ್ಯೆ ನಿಂತಿರೋ ಚರ್ಚಿನ ಗಂಟೆ ಗೋಪುರ ಒಂದೇ, 14ನೇ ಶತಮಾನದ್ದು. ಅದಕ್ಕೆ ಬಿರುಕು ಬಂದಾಗ 2009ರಲ್ಲಿ ರಿಪೇರಿ ಮಾಡಿ ನಿಲ್ಲಿಸಿದ್ರು. ಅದು ಈಗ್ಲೂ ನೀರಲ್ಲೇ ಐತೆ, ಆ ಕಡೆಗೆಲ್ಲಾ ಅದೇ ಗುರ್ತು. ಮುಳುಗಿಸಿದೋರು ಸರಿ ಮಾಡಿದ್ರು ಅಂತ ನಾನು ಹೇಳ್ತಿಲ್ಲ. ಮುಳುಗಿಸಿದ್ಮೇಲೂ ಮಾಡೋ ಕೆಲಸ ಉಳಿದಿರುತ್ತೆ ಅಂತೀನಿ.

ಶೆಟ್ಟಿಹಳ್ಳೀಲಿ ಮಾಡ್ಬೇಕಾದ್ದು ನನ್ ಕಣ್ಣಿಗೆ ಕಂಡಂಗೆ ಹೇಳ್ತೀನಿ. ದೊಡ್ಡ ಎಂಜಿನಿಯರುಗಳು ತಿದ್ದಲಿ.

ಬೇಸಿಗೇಲಿ, ಮಾರ್ಚಿಂದ ಮೇ ತನಕ ನೆಲ ಒಣಗಿರುತ್ತೆ. ಅದೇ ಕೆಲಸದ ಕಾಲ. ಮೊದಲು ಸಂದೀಲಿರೋ ಗಿಡ ಬೇರು ಸಮೇತ ತೆಗೀಬೇಕು. ಬಾಗಿರೋ ಗೋಡೆಗೆ ಆಸರೆ ಕೊಡ್ಬೇಕು. ಖಾಲಿ ಸಂದಿಗೆ ಮತ್ತೆ ಸುಣ್ಣದ ಗಾರೇನೇ ತುಂಬ್ಬೇಕು, ಸಿಮೆಂಟು ಬೇಡವೇ ಬೇಡ. ಸಿಮೆಂಟು ಗಟ್ಟಿ, ಹಳೇ ಇಟ್ಟಿಗೆ ಮೆತ್ತಗೆ. ಒಳಗಿನ ತೇವ ಹೊರಗೆ ಬರೋಕೆ ಸಿಮೆಂಟು ಬಿಡಲ್ಲ, ಆಮೇಲೆ ಇಟ್ಟಿಗೇನೇ ಪುಡಿಯಾಗುತ್ತೆ. ಇದು ನಮ್ಮಪ್ಪ ಹೇಳ್ತಿದ್ದ ಮಾತು, ಈಗಿನ ಪರಂಪರೆ ತಜ್ಞರೂ ಅದನ್ನೇ ಹೇಳ್ತಾರೆ. ಸುಣ್ಣದ ಕೆಲಸ ಬಲ್ಲ ಮೇಸ್ತ್ರಿಗಳು ಇನ್ನೂ ಕೆಲವರಿದಾರೆ, ಅವರಿಗೂ ಕೆಲಸ ಆಗುತ್ತೆ. ಎಲ್ಲಕ್ಕಿಂತ ಮುಂಚೆ ಇಡೀ ಕಟ್ಟಡದ ಅಳತೆ ತಗೊಂಡು ನಕ್ಷೆ ಬರೆದಿಡ್ಬೇಕು. ನಾಳೆ ಬಿದ್ರೂ ಹೆಂಗಿತ್ತು ಅಂತಾದ್ರೂ ಗೊತ್ತಾಗುತ್ತೆ.

ಆಮೇಲೆ ಕಾವಲು. ಅದೇ ಊರಿನ ಒಬ್ರಿಗೆ ಸಂಬಳ ಕೊಟ್ಟು ಕೂರಿಸ್ಲಿ. ಗೋಡೆ ಹತ್ತಬೇಡಿ ಅಂತ ಹೇಳೋಕೆ, ಬುಡದ ತನಕ ಗಾಡಿ ತರಬೇಡಿ ಅನ್ನೋಕೆ, ಬಾಟ್ಲಿ ಎತ್ಕೊಂಡು ಹೋಗಿ ಅನ್ನೋಕೆ. ಬಂದೋರಿಗೆ ಊರಿನ ಕಥೆ ಹೇಳೋಕೂ ಅವರೇ ಆಗ್ತಾರೆ. ಪ್ರಾಚೀನ ಸ್ಮಾರಕಗಳಿಗೆ ಅಂತ ನಮ್ ರಾಜ್ಯದ್ದೇ 1961ರ ಕಾಯ್ದೆ ಐತೆ, ಅದನ್ನ ನೋಡ್ಕೊಳೋಕೆ ಪುರಾತತ್ವ ಇಲಾಖೆ ಐತೆ. ನೂರೈವತ್ತು ವರ್ಷ ದಾಟಿದ ಕಟ್ಟಡಕ್ಕೆ ಆ ಕಾಯ್ದೆಯ ನೆರಳು ಸಿಗ್ಬೇಕು. ಪುರಾತತ್ವದೋರು, ನೀರಾವರಿಯೋರು, ಚರ್ಚಿನೋರು ಮೂವರೂ ಒಂದು ಕಡೆ ಕೂತ್ರೆ ಒಂದು ಬೇಸಿಗೇಲಿ ಕೆಲಸ ಶುರು ಮಾಡ್ಬೋದು.

ಇನ್ನೊಂದು ಕೇಳ್ತೀನಿ, ಇದು ಮುಂದಿನ ಜಲಾಶಯಗಳಿಗೆ. ನಮ್ ಎತ್ತಿನಹೊಳೆಗಾಗ್ಲಿ, ಬೇರೆ ಯಾವುದಕ್ಕಾಗ್ಲಿ, ನೀರು ಬಿಡೋಕೆ ಮುಂಚೆ ಮುಳುಗೋ ಊರಲ್ಲಿ ಏನೇನೈತೆ ಅಂತ ಪಟ್ಟಿ ಮಾಡ್ಲಿ. ಗುಡಿ, ದರ್ಗಾ, ಚರ್ಚು, ಸ್ಮಶಾನ, ವೀರಗಲ್ಲು, ಕಟ್ಟೆ, ಮರ, ಬಾವಿ. ಯಾವುದನ್ನ ಎತ್ಕೊಂಡು ಹೋಗ್ತೀರಿ ಅಂತ ಆ ಊರಿನೋರನ್ನೇ ಕೇಳ್ಲಿ, ಹೆಂಗಸರನ್ನೂ ಕೇಳ್ಲಿ. ಮನೆ ಖಾಲಿ ಮಾಡುವಾಗ ಒಲೆ ಕಲ್ಲು, ಒರಳು ಕಲ್ಲು ಎತ್ಕೋಬೇಕು ಅಂತ ನೆನಪಿರೋದು ನಮಗೇ. ಆ ಖರ್ಚು ನೀರಿನ ಯೋಜನೆ ಖರ್ಚಲ್ಲೇ ಸೇರ್ಲಿ. ನಮ್ ನೀರಿನ ಬಿಲ್ಲಲ್ಲಿ ಅದಕ್ಕೆ ಎರಡು ರೂಪಾಯಿ ಜಾಸ್ತಿ ಆದ್ರೂ ನಾನು ಕೊಡ್ತೀನಿ.

ವಾಪಸ್ ಬರೋವಾಗ ಬಸ್ಸಲ್ಲಿ ನಂಗೆ ಗೌರಿಬಿದನೂರಿನ ವಿದುರಾಶ್ವತ್ಥ ನೆನಪಾಯ್ತು. ವಿದುರ ನೆಟ್ಟಿದ್ದು ಅಂತ ನಂಬ್ಕೊಂಡಿದ್ದ ಆ ದೊಡ್ಡ ಅಶ್ವತ್ಥ ಮರ 2001ರಲ್ಲಿ ಬಿದ್ದೋಯ್ತು. ಆವಾಗ ನಮ್ಮತ್ತೆ ಅತ್ತಿದ್ರು. ಆದ್ರೆ ಆ ಜಾಗ ಹಾಳಾಗ್ಲಿಲ್ಲ. ಸುತ್ತ ಸಾವಿರಾರು ನಾಗರಕಲ್ಲು ಹಂಗೇ ಐತೆ, ಜನ ಹೋಗ್ತಾರೆ, ತನಿ ಎರೀತಾರೆ. 1938ರ ಏಪ್ರಿಲ್ಲಲ್ಲಿ ಬಾವುಟ ಹಾರಿಸೋಕೆ ಹೋಗಿ ಗುಂಡೇಟಿಗೆ ಸತ್ತೋರ ಸ್ಮಾರಕಾನೂ ಅಲ್ಲೇ ಐತೆ. ಗುರ್ತು ಬಿದ್ರೂ ಜನ ಉಳ್ಕೊಂಡಿದ್ದಕ್ಕೆ ಜಾಗ ಉಳೀತು. ಶೆಟ್ಟಿಹಳ್ಳೀಲಿ ಜನಾನ ಮೊದಲೇ ಎಬ್ಬಿಸಿ ಕಳಿಸಿದೀವಿ. ಅಲ್ಲಿ ಉಳಿದಿರೋದು ಗುರ್ತು ಒಂದೇ. ಅದಕ್ಕೇ ಅದು ಬೀಳಬಾರ್ದು.

ನೀವು ಆ ಕಡೆ ಹೋದ್ರೆ ಹೋಗಿ ನೋಡಿ, ಬೇಡ ಅನ್ನಲ್ಲ. ಗೋಡೆ ಹತ್ತಬೇಡಿ, ಮಕ್ಕಳನ್ನ ಕಮಾನು ಕೆಳಗೆ ನಿಲ್ಲಿಸಬೇಡಿ. ಅಲ್ಲಿ ಮೇಕೆ ಮೇಯಿಸೋರು ಯಾರಾದ್ರೂ ಸಿಕ್ರೆ ಐದು ನಿಮಿಷ ಕೂತು ಮಾತಾಡಿ. ಬಂದ್ಮೇಲೆ ಒಂದು ಕಾಗ್ದ ಬರೀರಿ, ನಿಮ್ಮ ಎಮ್ಮೆಲ್ಲೆಗೋ, ಪುರಾತತ್ವ ಇಲಾಖೆಗೋ. ನಾನು ಬರೆದಿದೀನಿ. ಮೊಮ್ಮಗಳ ಕೈಲಿ ಚರ್ಚಿನ ಚಿತ್ರಾನೂ ಬರೆಸಿ ಲಕೋಟೆಗೆ ಹಾಕಿದೀನಿ. ಅವಳು ಬಿದ್ದೋಗಿರೋ ಚಾವಣೀನೂ ಸೇರಿಸಿ ಬರೆದಿದಾಳೆ, ಅಳಿಸು ಅಂತ ಹೇಳೋಕೆ ಮನಸು ಬರ್ಲಿಲ್ಲ.

ಇವತ್ತು ಬೆಳಿಗ್ಗೆ ನಲ್ಲೀಲಿ ನೀರು ಬಂತು, ನಾಲ್ಕು ದಿನ ಆದ್ಮೇಲೆ. ಕೊಡ ತುಂಬಿಸ್ಕೊಂಡು ಒಳಗಿಡ್ತಾ ಅಜ್ಜಿ ನೆನಪಾಯ್ತು. ಮಳೆ ಶುರುವಾಗೈತೆ, ಹೇಮಾವತಿ ತುಂಬ್ತಾ ಐತಂತೆ. ಮಗಳಿಗೆ ಫೋನ್ ಮಾಡಿ ಮೊದಲು ಕೇಳಿದ್ದು ಅದನ್ನೇ, ಆ ಗೋಡೆ ಇನ್ನೂ ನಿಂತೈತೇನಮ್ಮ ಅಂತ.